ಮನೆಯೊಳಗೆ ಹೋಗಿ ಕೂರುವ ಸೇವೆ

ಮಂಗಳೂರಿನ ನಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ಡಿ ಪೌಲ್ ಸೊಸೈಟಿಯ ಘಟಕವಿದೆ. ನಾನು ಅದರ ಸದಸ್ಯೆ. ನಮ್ಮ ಮುಖ್ಯ ಕೆಲಸ ಮನೆಭೇಟಿ. ಇಬ್ಬಿಬ್ಬರಾಗಿ ಹೋಗುತ್ತೇವೆ. ಕುಚ್ಚಲಕ್ಕಿಯೋ ಮದ್ದೋ ಚೀಲದಲ್ಲಿರುತ್ತದೆ, ಆದರೆ ಮೊದಲು ಕೂತು ಮಾತಾಡಬೇಕು. ಬೀಡಿ ಕಟ್ಟುವ ಒಬ್ಬ ಅಜ್ಜಿ ಚೀಲದ ಕಡೆ ನೋಡುವುದೇ ಇಲ್ಲ. "ಬಾಯಿ, ಈ ಮಳೆಗೆ ಹೇಗೆ ಬಂದಿರಿ? ಕೂತ್ಕೊಳ್ಳಿ, ಚಾ ಮಾಡ್ತೇನೆ" ಅನ್ನುತ್ತಾರೆ. ಆ ಚಾ ಕುಡಿಯದೆ ಎದ್ದರೆ ಅವರಿಗೆ ನೋವು. ಕೊಡುವವರ ಸ್ಥಾನ ಅವರಿಗೂ ಸಿಗಬೇಕು. ನನಗದು ಅಕ್ಕಿಯಷ್ಟೇ ಮುಖ್ಯ. ಅಜ್ಜಿ ಕ್ರೈಸ್ತರಲ್ಲ. ಸಹಾಯಕ್ಕೆ ಮುಂಚೆ ಧರ್ಮ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಸೊಸೈಟಿ ಹುಟ್ಟಿದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ ಎಂಬ ಸವಾಲು ಚರ್ಚಾಕೂಟವೊಂದರಲ್ಲಿ ಎದುರಾದಾಗ, 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಝಾನಮ್ ಗೆಳೆಯರೊಂದಿಗೆ ಬಡವರ ಮನೆಗಳಿಗೇ ಹೊರಟರು. ಯಾವ ಮನೆಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸಿದವರು ಸಿಸ್ಟರ್ ರೊಸಾಲಿ ರಾಂದು.

ಈ ಸೇವೆಯ ಬೇರು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿದೆ. ಅಂತಿಮ ತೀರ್ಪಿನ ದಿನ ಯೇಸು ಎತ್ತುವ ವಿಷಯ ಹಸಿದವರು, ಬಾಯಾರಿದವರು, ಪರದೇಶಿಗಳು, ರೋಗಿಗಳು, ಸೆರೆಯಲ್ಲಿದ್ದವರು. ಅವರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಅವನು ಲೆಕ್ಕ ಹಿಡಿಯುತ್ತಾನೆ. ಇದನ್ನು ನಂಬಿದ ಮೇಲೆ ಅಜ್ಜಿಯ ಮನೆಗೆ ಹೋಗುವುದೂ ನನಗೆ ಪ್ರಾರ್ಥನೆಯೇ.

ನಮ್ಮ ಘಟಕದ ಸಭೆಯಲ್ಲಿ ಕಾಣಿಕೆಗೆ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ. ಮುಷ್ಟಿ ಮುಚ್ಚಿಕೊಂಡೇ ಕೈ ಹಾಕುವುದು. ಯಾರು ಎಷ್ಟು ಹಾಕಿದರೆಂದು ಗೊತ್ತಾಗದು. ಮನೆಗಳ ವಿವರವೂ ಹೊರಗೆ ಹೋಗದು. ಅಕ್ಕಿ ಕೊಡುವಾಗ ಫೋಟೊ ತೆಗೆಯಲು ನಾನಂತೂ ಬಿಡುವುದಿಲ್ಲ. ಆ ಮನೆಯ ಮಕ್ಕಳು ನಾಳೆ ಶಾಲೆಗೆ ಹೋಗಬೇಕಲ್ಲ.