ಹಗ್ಗ ಎಳೆದ ಮೇಲಿನ ಒಂದು ನಿಮಿಷ

ಉದ್ಯೋಗಿಗಳ ತೊಡಗಿಕೆ ಎಂದರೆ ದುಡಿಮೆಯಲ್ಲಿ ಕೈಯ ಜೊತೆಗೆ ತಲೆಯೂ ಓಡುವುದು. ಹೊಸತನ ಎಂದರೆ ಆ ತಲೆಗೆ ಹೊಳೆದದ್ದು ಕೆಲಸದ ಕ್ರಮಕ್ಕೆ ಇಳಿಯುವುದು. ವ್ಯಾಖ್ಯಾನಕ್ಕೆ ಇಷ್ಟು ಸಾಕು. ತಲೆಗೆ ಹೊಳೆದದ್ದು ಬಾಯಿಗೆ ಏಕೆ ಬರುವುದಿಲ್ಲ ಎಂಬುದೇ ಕಷ್ಟದ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯೊಂದಿತ್ತು. ಅಲ್ಲಿ ಏನೇ ಆದರೂ ಜೋಡಣೆಯ ಸಾಲು ನಿಲ್ಲುವಂತಿರಲಿಲ್ಲ. ಬೋಲ್ಟು ತಪ್ಪಿದ ಕಾರೂ ಮುಂದೆ ಸಾಗಿ, ಕೊನೆಗೆ ರಿಪೇರಿಯ ಅಂಗಳ ಸೇರುತ್ತಿತ್ತು. ಐವರಲ್ಲೊಬ್ಬರು ಗೈರಾಗುವುದು ಮಾಮೂಲಾಗಿತ್ತು. 1982ರಲ್ಲಿ ಬೀಗ ಬಿತ್ತು. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಅದೇ ಜಾಗ ಮತ್ತೆ ತೆರೆಯಿತು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ, ಯೂನಿಯನ್ನೂ ಹಳೆಯದೇ. ಆದರೂ ಗೈರುಹಾಜರಿ ಶೇ 5ಕ್ಕಿಂತ ಕೆಳಗಿಳಿಯಿತು, ಕಾರುಗಳ ಗುಣಮಟ್ಟ ಜಪಾನಿನ ಕಾರುಗಳಿಗೆ ಸಮನಾಗತೊಡಗಿತು.

ಬದಲಾದದ್ದು ಹಲವು, ಕಣ್ಣಿಗೆ ಕಾಣುವಂಥದ್ದು ತಲೆಯ ಮೇಲೆ ತೂಗುವ ಒಂದು ಹಗ್ಗ. ಅದರ ವ್ಯವಸ್ಥೆಗೆ ‘ಆಂಡಾನ್’ ಎಂದು ಹೆಸರು, ಜಪಾನಿ ಭಾಷೆಯಲ್ಲಿ ಕಂದೀಲು. ಹಗ್ಗ ಎಳೆದರೆ ಕಾರ್ಖಾನೆ ಗಕ್ಕನೆ ನಿಂತುಬಿಡುತ್ತದೆ ಎಂದು ಕೇಳಿದವರೆಲ್ಲ ಭಾವಿಸುತ್ತಾರೆ. ಹಾಗಲ್ಲ. ಎಳೆದ ಕೂಡಲೇ ದೀಪ ಹತ್ತುತ್ತದೆ, ತಂಡದ ಮುಂದಾಳು ಓಡಿ ಬರುತ್ತಾನೆ. ಸಾಲು ಇನ್ನೂ ಚಲಿಸುತ್ತಲೇ ಇರುತ್ತದೆ. ಕಾರು ಗೊತ್ತುಮಾಡಿದ ಗೆರೆ ಮುಟ್ಟುವುದರೊಳಗೆ ತೊಡಕು ಬಗೆಹರಿದರೆ ಹಗ್ಗವನ್ನು ಮತ್ತೊಮ್ಮೆ ಎಳೆದು ಕರೆ ಮುಗಿಸುತ್ತಾರೆ. ಬಗೆಹರಿಯದಿದ್ದರೆ ಮಾತ್ರ ಸಾಲು ನಿಲ್ಲುತ್ತದೆ. ಬಹುತೇಕ ಕರೆಗಳು ನಿಲ್ಲಿಸುವ ಹಂತಕ್ಕೆ ಹೋಗುವುದೇ ಇಲ್ಲ. ಹಗ್ಗ ಎಂಬುದು ಬ್ರೇಕಲ್ಲ, ಕೂಗು.

ಇದರ ಮೂಲ ಕಾರಿನಲ್ಲಿಲ್ಲ, ಮಗ್ಗದಲ್ಲಿದೆ ಎಂಬುದು ಇನ್ನೂ ಸೊಗಸು. ಟೊಯೋಟಾ ಸಂಸ್ಥೆಯ ಮೂಲಪುರುಷ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಹಾಸಿನ ಒಂದೆಳೆ ಕಡಿದರೂ ತಾನೇ ನಿಲ್ಲುತ್ತಿತ್ತು. ಎಳೆ ಕಡಿದದ್ದಕ್ಕೆ ಮಗ್ಗವನ್ನು ಯಾರೂ ಬೈಯುವುದಿಲ್ಲವಲ್ಲ!

ಬೈಗುಳ ಬೀಳುವುದು ಮನುಷ್ಯರಿಗೆ. ಮುಂದಾಳು ಬಂದವನೇ “ಏನಾಯ್ತು, ನೋಡೋಣ” ಎಂದರೆ ನಾಳೆಯೂ ಹಗ್ಗ ಅಲುಗುತ್ತದೆ, “ಮತ್ತೆ ನೀನೇನಾ?” ಎಂದರೆ ಅದು ಧೂಳು ಹಿಡಿಯುತ್ತದೆ. ಹಗ್ಗ ಕೊಳ್ಳುವುದು ಸುಲಭ, ಆ ಒಂದು ನಿಮಿಷವನ್ನು ಕೊಳ್ಳಲಾಗದು. ಸಲಹಾಪೆಟ್ಟಿಗೆ ತೂಗುಹಾಕಿ ಹೊಸತನಕ್ಕೆ ಕಾಯುವ ಕಚೇರಿಗಳು ಎಡವುವುದು ಇಲ್ಲೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿದವರು ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ಎಣಿಸಿದ್ದರು. ಲೆಕ್ಕ ತಿರುವುಮುರುವಾಗಿ ಬಂತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವೆಂದಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದವು. ಹಾಗಾಗಿ ‘ನಮ್ಮಲ್ಲಿ ದೂರುಗಳೇ ಇಲ್ಲ’ ಎಂಬ ವರದಿ ಮೇಜಿಗೆ ಬಂದ ದಿನ ಮ್ಯಾನೇಜರ್ ಕುರ್ಚಿ ಬಿಟ್ಟೆದ್ದು ಒಂದು ಸುತ್ತು ಹಾಕುವುದು ಒಳ್ಳೆಯದು. ಬೈಯದೆ ಕೇಳಿಸಿಕೊಳ್ಳಬೇಕು ಎಂದರೆ ತಪ್ಪಿಗೆ ಮುಲಾಜು ತೋರಬೇಕೆಂದಲ್ಲ. ಟೊಯೋಟಾದಲ್ಲಿ ಗುಣಮಟ್ಟದ ಪಟ್ಟು ಸಡಿಲವಾಗಿರಲಿಲ್ಲ.

ಬಿಡದಿಯಲ್ಲಿ 1999ರಿಂದ ಟೊಯೋಟಾ ವಾಹನಗಳು ತಯಾರಾಗುತ್ತಿವೆ. ಹಗ್ಗದ ಈ ಕ್ರಮವನ್ನು ಹತ್ತಿರದಿಂದ ಬಲ್ಲವರು ಕನ್ನಡದಲ್ಲೇ ಬರೆದರೆ ಎಷ್ಟು ಚೆನ್ನ! ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಪೀಣ್ಯದ ಒಂದು ಯಂತ್ರಶಾಲೆಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ತಿಂಗಳ ಕಾಲ ನೋಟ್‌ಬುಕ್ ಹಿಡಿದು ಕೂರಬಹುದು. “ಸಾರ್, ಇದು ಸರಿಯಿಲ್ಲ” ಎಂಬ ಮಾತು ದಿನಕ್ಕೆ ಎಷ್ಟು ಸಲ ಕೇಳಿಸಿತು, ಅದಕ್ಕೆ ಬಂದ ಮೊದಲ ಉತ್ತರವೇನು ಎಂಬ ಎರಡೇ ಕಾಲಂ ಸಾಕು.