ಜನರ ಕಣ್ಣಿಗೆ ಕ್ರೈಸ್ತರೋ, ದೇವರ ಮುಂದೆ ಕ್ರೈಸ್ತರೋ?

ತುಕ್ಕಾನಟ್ಟಿಯ ಸುತ್ತಮುತ್ತ, ಘಟಪ್ರಭೆಯ ನೀರುಂಡು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತನಿಗೆ ಕಬ್ಬಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಆಳೆತ್ತರ ಮೀರಿ ಬೆಳೆದು ಹಸಿರಾಗಿ ತೂಗುವ ಬೆಳೆ ಕಣ್ಣಿಗೆ ಹಬ್ಬವೇ ಸರಿ. ಆದರೆ ಸರಕಾರ ವರ್ಷವರ್ಷವೂ ಗೊತ್ತುಮಾಡುವ ದರ ಸಕ್ಕರೆಯ ಇಳುವರಿಯನ್ನು ನೋಡುತ್ತದೆಯೇ ಹೊರತು ಎಲೆಯ ಹಸಿರನ್ನಲ್ಲ. ಎಲೆ ತುಂಬಿ ನಿಂತಿದ್ದ ಅಂಜೂರದ ಮರದಲ್ಲಿ ಯೇಸುಸ್ವಾಮಿ ಹಣ್ಣನ್ನು ಹುಡುಕಿ ಬರಿಗೈಯಲ್ಲಿ ಹಿಂದಿರುಗಿದರೆಂದು ಸಂತ ಮಾರ್ಕನು ಬರೆದಿಟ್ಟಿದ್ದಾನೆ. ನಮ್ಮ ವಿಶ್ವಾಸಜೀವನದಲ್ಲಿ ಅವರು ಹುಡುಕುವುದೂ ಎಲೆಯನ್ನಲ್ಲ.

ನಮ್ಮಲ್ಲಿ ಎಲೆಗೇನೂ ಕೊರತೆಯಿಲ್ಲ. ಹಬ್ಬದ ದಿನ ದೇವಾಲಯ ತುಂಬುತ್ತದೆ, ದೀಪಾಲಂಕಾರ ಕಣ್ಣು ಕೋರೈಸುತ್ತದೆ, ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಹೊಸ ಬಟ್ಟೆ, ಔತಣ, ಛಾಯಾಚಿತ್ರ ಎಲ್ಲವೂ ಸಿದ್ಧವಾಗುತ್ತವೆ. ಇವು ತಪ್ಪೆಂದು ನಾವು ಹೇಳುತ್ತಿಲ್ಲ. ಸಂಭ್ರಮವಿಲ್ಲದ ಭಕ್ತಿ ಬಡವಾದೀತು. ಆದರೆ ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದೇನು? ಇದು ಪ್ರತಿಯೊಂದು ಕುಟುಂಬವೂ ತನಗೆ ತಾನೇ ಹಾಕಿಕೊಳ್ಳಬೇಕಾದ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನಲ್ಲಿ ಸೋರೆನ್ ಕೀರ್ಕೆಗಾರ್ಡ್ ಎಂಬ ದಾರ್ಶನಿಕನು ಇದೇ ಪ್ರಶ್ನೆಯನ್ನೆತ್ತಿ ಊರಿಗೆ ಊರನ್ನೇ ಎದುರುಹಾಕಿಕೊಂಡನು. ಅಲ್ಲಿ ಹುಟ್ಟಿದವರೆಲ್ಲರೂ ಕ್ರೈಸ್ತರು. ಕ್ರೈಸ್ತನಾಗಿರುವುದಕ್ಕೆ ಯಾವ ಬೆಲೆಯನ್ನೂ ತೆರಬೇಕಾಗಿರಲಿಲ್ಲ. ಎಲ್ಲರೂ ಸಲೀಸಾಗಿ ಕ್ರೈಸ್ತರಾಗಿರುವ ಕಡೆ ನಿಜವಾದ ಕ್ರೈಸ್ತಧರ್ಮವೇ ಮರೆಯಾಗಿದೆ ಎಂಬುದು ಆತನ ವಾದ. 1854 ಮತ್ತು 1855ರಲ್ಲಿ ಪತ್ರಿಕೆ, ಕಿರುಹೊತ್ತಗೆಗಳ ಮೂಲಕ ಅದನ್ನು ನಿಷ್ಠುರವಾಗಿ ಮುಂದಿಟ್ಟು, 1855ರ ನವೆಂಬರಿನಲ್ಲಿ ಆತ ತೀರಿಕೊಂಡನು.

ನಮ್ಮ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಈ ಸೀಮೆಯ ಹಳ್ಳಿಗಳಲ್ಲಿ ನಾವು ಬೆರಳೆಣಿಕೆಯಷ್ಟು ಮಂದಿ. ಹಾಗಿದ್ದಮೇಲೆ ನಮಗೆ ಆ ಅಪಾಯವಿಲ್ಲವೆಂದು ನೆಮ್ಮದಿಯಿಂದಿರಬಹುದೇ? ಇಲ್ಲ. ಡೆನ್ಮಾರ್ಕಿನವರನ್ನು ಕಾಡಿದ ಜಡತೆ ಇಲ್ಲಿ ಬೇರೊಂದು ಹೆಸರಿನಲ್ಲಿ ಮನೆಮಾಡಿದೆ. 'ನಾಲ್ಕು ಮಂದಿ ಏನಂದಾರು?' ಎಂಬುದೇ ಆ ಹೆಸರು. ಆ ನಾಲ್ವರು ಯಾರೆಂದು ಕೇಳಿದರೆ ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗದು. ಆದರೂ ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವರ ಅಪ್ಪಣೆಯಂತೆಯೇ ನಡೆಯುತ್ತವೆ.

ವಿವಾಹವನ್ನೇ ನೋಡೋಣ. ವಧೂವರರ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆ, ಬೇರೆ ಯಾವ ಮಾನವಶಕ್ತಿಯೂ ಅದರ ಸ್ಥಾನವನ್ನು ತುಂಬಲಾರದು ಎಂಬುದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ಕಲಮಿನ ಸಾರ. ಅದರಲ್ಲಿ ಬಂಗಾರದ ತೊಲೆಗಳ ಲೆಕ್ಕವಿಲ್ಲ, ವಾಹನದ ಮಾತಿಲ್ಲ. ದೇಶದ ಕಾನೂನು ಕೂಡ 1961ರಲ್ಲಿಯೇ ವರದಕ್ಷಿಣೆಯನ್ನು ನಿಷೇಧಿಸಿದೆ. ಹೀಗಿದ್ದೂ ಪೀಠದ ಮುಂದೆ ಪವಿತ್ರ ಸಮ್ಮತಿಯ ಮಾತುಗಳನ್ನಾಡುವ ಮೊದಲೇ ಹಿರಿಯರ ನಡುವೆ ಇನ್ನೊಂದು ಮಾತು ಮುಗಿದಿರುವುದುಂಟು. 'ಕೇಳಿಲ್ಲ, ಅವರಾಗಿಯೇ ಕೊಟ್ಟರು' ಎಂಬ ನಯವಾದ ಮಾತೂ ಅದರ ಬೆನ್ನಿಗಿರುತ್ತದೆ. ಒಂದು ದಿನದ ಮೆರವಣಿಗೆಗಾಗಿ ಹತ್ತು ವರ್ಷದ ಸಾಲ ಹೊತ್ತ ತಂದೆಗೆ ಆ ಸಂಸ್ಕಾರ ಶುಭಸಂದೇಶವಾಗಿ ಕಂಡೀತೇ?

ಜಾತಿಯದೂ ಇದೇ ಕಥೆ. ಒಂದೇ ಜ್ಞಾನಸ್ನಾನದ ನೀರು, ಒಂದೇ ರೊಟ್ಟಿ ಎಂದು ನಾವು ಬಾಯಿತುಂಬ ಹೇಳುತ್ತೇವೆ. ಸಂಬಂಧ ಬೆಳೆಸುವಾಗ ಮಾತ್ರ ಹಳೆಯ ವಂಶಾವಳಿ ಹೊರಬೀಳುತ್ತದೆ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಹೊರಡಿಸಿ, ಜಾತಿ ತಾರತಮ್ಯ ಧರ್ಮಸಭೆಯ ಒಳಗೂ ಇದೆಯೆಂದು ಬಹಿರಂಗವಾಗಿಯೇ ಒಪ್ಪಿಕೊಂಡಿತು. ತಿರುವಾಂಕೂರಿನ ಅರಮನೆಯಲ್ಲಿ ಅಧಿಕಾರಿಯಾಗಿದ್ದ ದೇವಸಹಾಯಂ ಪಿಳ್ಳೆಯವರು 1745ರಲ್ಲಿ ಜ್ಞಾನಸ್ನಾನ ಪಡೆದ ಬಳಿಕ ಮೇಲುಕೀಳೆನ್ನದೆ ಎಲ್ಲರೊಡನೆ ಬೆರೆತು, 1752ರಲ್ಲಿ ಪ್ರಾಣವನ್ನೇ ತೆತ್ತರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ಈ ಗೃಹಸ್ಥರನ್ನು ಸಂತರೆಂದು ಘೋಷಿಸಿದರು. ಸಂತರ ಪಟವನ್ನು ಗೋಡೆಗೆ ತೂಗುಹಾಕುವುದು ಸುಲಭ. ಅವರು ಕುಳಿತ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಕಠಿಣ.

ಇಲ್ಲೊಂದು ಸಂಶಯ ಏಳಬಹುದು. ಲೋಕದ ಅಚ್ಚಿನಲ್ಲಿ ಎರಕಗೊಳ್ಳಬೇಡಿರಿ ಎಂಬ ಅರ್ಥದಲ್ಲಿ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದರಲ್ಲ, ಹಾಗಾದರೆ ನೆರೆಹೊರೆಯವರಿಗಿಂತ ಉಡುಗೆತೊಡುಗೆ, ಊಟ, ಭಾಷೆಗಳಲ್ಲಿ ಭಿನ್ನರಾಗಿ ಕಾಣಬೇಕೆಂದು ಅದರ ಅರ್ಥವೇ? ಇದಕ್ಕೆ ಉತ್ತರ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರು ಅರ್ಮಾಂಡೊ ಆಲ್ವಾರಿಸ್ ಅವರು ಸ್ವಾಮಿ ಅಣಿಮಾನಂದರೆಂಬ ಹೆಸರಿನಿಂದ ಕಾವಿಯುಟ್ಟು, ಸಸ್ಯಾಹಾರಿಯಾಗಿ, ಈ ಮಣ್ಣಿನ ವಿರಕ್ತರಂತೆ ಬಾಳಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಗೂ ಮೊದಲೇ ಅವರು ಹಿಡಿದ ದಾರಿಯಿದು. ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತ ಮಠವು ಅದರ ಸಾಕ್ಷಿಯಾಗಿದೆ. ಈಚಿನ ವರ್ಷಗಳಲ್ಲಿ ಅಲ್ಲಿನ ಕಾವಿಯ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿ, ಇದು ಬರಿಯ ವೇಷವೆಂದು ಶಂಕಿಸಿದವರೂ ಉಂಟು. ಆ ಶಂಕೆಗೆ ವಾದದಿಂದ ಉತ್ತರ ದೊರೆಯದು. ಕಾವಿಯೊಳಗೆ ಆಸೆ ಇದ್ದರೆ ಕಾವಿಯೂ ವೇಷವೇ, ಬಿಳಿಯ ನಿಲುವಂಗಿಯೊಳಗಿದ್ದರೆ ಅದೂ ವೇಷವೇ. ತ್ಯಾಗವಿದ್ದ ಕಡೆ ಮಾತ್ರ ಉಡುಗೆ ನಿಜ ನುಡಿಯುತ್ತದೆ.

ಆಲೆಮನೆಯಲ್ಲಿ ಕುದಿದ ಪಾಕವನ್ನು ಅಚ್ಚಿಗೆ ಸುರಿಯುತ್ತಾರೆ. ಅಚ್ಚು ಬೆಲ್ಲಕ್ಕೆ ಆಕಾರ ಕೊಡುತ್ತದೆ, ಸಿಹಿಯನ್ನು ಕೊಡಲಾರದು. ದೇಶನೂರಿನ ಸ್ವಾಮಿಗಳು ಊರಿನ ಅಚ್ಚನ್ನು ಸ್ವೀಕರಿಸಿದರು. ಸಿಹಿ ಮಾತ್ರ ಶುಭಸಂದೇಶದ್ದಾಗಿತ್ತು. ಹೊರಗೆ ನೆರೆಯವರಂತೆ, ಒಳಗೆ ಕ್ರಿಸ್ತನಂತೆ ಇರುವುದು ಅವರ ಮಾರ್ಗ. ನಮ್ಮಲ್ಲಿ ಎಷ್ಟೋ ಸಲ ಇದು ತಲೆಕೆಳಗಾಗಿದೆ. ಹೆಸರು ಬೇರೆ, ಹಬ್ಬ ಬೇರೆ, ಮದುವೆಯ ಉಡುಪು ಬೇರೆ. ವರದಕ್ಷಿಣೆ, ಜಾತಿ, ಪ್ರತಿಷ್ಠೆಗಳ ವಿಷಯಕ್ಕೆ ಬಂದಾಗ ನಮಗೂ ಲೋಕಕ್ಕೂ ಕೂದಲೆಳೆಯ ಅಂತರವೂ ಇರುವುದಿಲ್ಲ. ಪೌಲರು ಎಚ್ಚರಿಸಿದ ಅನುಸರಣೆ ಇದುವೇ.

ಪರಿಹಾರವೇನು? 'ಧೈರ್ಯವಾಗಿ ಕೊಡುವುದಿಲ್ಲವೆನ್ನು' ಎಂದು ಹೆಣ್ಣಿನ ತಂದೆಗೆ ಉಪದೇಶಿಸುವುದು ಸುಲಭ. ಆದರೆ ಮಗಳ ಬಾಳನ್ನು ಪಣಕ್ಕಿಟ್ಟು ನಿಂತವನಿಂದ ಆ ಧೈರ್ಯವನ್ನು ಮೊದಲು ಕೇಳುವುದು ನ್ಯಾಯವಲ್ಲ. ಮೊದಲು ಮಾತನಾಡಬೇಕಾದವನು ಗಂಡಿನ ತಂದೆ. ಅವನಿಗಿಂತ ಮೊದಲು, ಸ್ವತಃ ವರನೇ. ನಿಶ್ಚಿತಾರ್ಥದ ದಿನ, ಬಂಧುಬಳಗದೆದುರಿನಲ್ಲಿ, 'ನಮಗೆ ಏನೂ ಬೇಡ. ಕೊಟ್ಟರೂ ತೆಗೆದುಕೊಳ್ಳುವುದಿಲ್ಲ' ಎಂದು ಆತ ಸ್ಪಷ್ಟವಾಗಿ ನುಡಿಯಲಿ. ಮದುವೆಯ ಊಟದಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯಿರಲಿ. ಉಳಿದ ಹಣದಲ್ಲಿ ಸ್ವಲ್ಪವಾದರೂ ಬಡ ಮಗುವಿನ ವಿದ್ಯೆಗೆ ಸಲ್ಲಲಿ. ಗುರುಗಳಾದ ನಾವೂ ಆಡಂಬರದ ಮದುವೆಯನ್ನು ಹೊಗಳಿ, ಸರಳ ಮದುವೆಯನ್ನು ಮೌನದಲ್ಲಿ ಮುಗಿಸಿ ಕಳಿಸುವ ರೂಢಿಗೆ ಎಡೆಗೊಡಬಾರದು.

ಆಗಲೂ ನಾಲ್ಕು ಮಂದಿ ಏನಾದರೊಂದು ಅನ್ನದಿರಲಾರರು. 'ಕೈಲಾಗದೆ ಹೀಗೆ ಮಾಡಿದರು' ಎಂದಾರು, 'ಹುಡುಗನಲ್ಲಿ ಏನೋ ಕುಂದಿರಬೇಕು' ಎಂದಾರು. ಆ ಮಾತನ್ನು ಸಹಿಸಿಕೊಳ್ಳುವುದೇ ನಮ್ಮ ಕಾಲದ ಶಿಲುಬೆಯ ಒಂದು ತುಣುಕು. ಹೀಗೆ ಸಹಿಸಿದ ಒಂದು ಮನೆ ಊರಿನಲ್ಲಿದ್ದರೆ, ಎರಡನೆಯ ಮನೆಗೆ ದಾರಿ ಅಷ್ಟರಮಟ್ಟಿಗೆ ಸುಗಮವಾಗುತ್ತದೆ. ಆ ಮೊದಲನೆಯ ಮನೆ ನಮ್ಮದಾಗಲೆಂದು ಪ್ರಾರ್ಥಿಸೋಣ.