ಅಂಗಳ ದಾಟಿದ ಹೆಜ್ಜೆಗಳು ಎಲ್ಲಿ ಹೋದವು?

ಎಳ್ಳಮಾವಾಸ್ಯೆಯ ದಿನ ಬೀದರ್ ಜಿಲ್ಲೆಯ ಊರುಗಳು ಹೊಲಕ್ಕೆ ಹೋಗಿಬಿಡುತ್ತವೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಹೊತ್ತು ಮನೆಮಂದಿಯೆಲ್ಲ ಹೊರಟರೆ ಹುಮನಾಬಾದ್ ಕಡೆಯ ನಿರ್ಣಾದಲ್ಲೂ ಮನೆಗಳಿಗೆ ಬೀಗ ಬೀಳುತ್ತದೆ. ಅಂಥ ದಿನ ಮನೆ ಕಾಯುವ ಕೆಲಸ ಈಗ ಕ್ಯಾಮೆರಾದ್ದು. ನನಗೆ ಪರಿಚಯವಿರುವ ಅಲ್ಲಿನ ಮನೆಯೊಂದರಲ್ಲಿ ಎರಡು ಕ್ಯಾಮೆರಾಗಳಿವೆ. ಒಂದು ತಲಬಾಗಿಲ ಮೇಲೆ, ಇನ್ನೊಂದು ಹಿತ್ತಲ ದನದ ಕೊಟ್ಟಿಗೆಯಲ್ಲಿ. ಅವನ್ನು ನೋಡುವವಳು ಹೈದರಾಬಾದಿನಲ್ಲಿರುವ ಮಗಳು. ಆ ಸಂಜೆ ಹೊಲದಲ್ಲಿ ಚರಗ ಚೆಲ್ಲಿ ಅವ್ವ ಮನೆ ಸೇರುತ್ತಿದ್ದಂತೆ ಫೋನ್ ಬಂತು.

“ಯವ್ವಾ, ಅಂಗಳದಾಗ ಇದ್ದಾಕಿ ಒಮ್ಮಿಗೇ ಬಾಗಲದಾಗ ಹ್ಯಾಂಗ ಬಂದಿ? ನೀ ನಡದು ಬಂದಿದ್ದೇ ಕಾಣಲಿಲ್ಲ. ವಿಡಿಯೊ ಅಟಕಿ ಅಟಕಿ ಬರ್ಲಾಕತ್ತದ.”

ಕ್ಯಾಮೆರಾ ಕೆಟ್ಟಿದೆ, ಬದಲಿಸಬೇಕು ಎಂದು ಮನೆಯವರು ಆಗಲೇ ತೀರ್ಮಾನಿಸಿದ್ದರು. ವಿಡಿಯೊ ತಡವರಿಸಿದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಕ್ಯಾಮೆರಾದ ಮೇಲೆಯೇ. ಆದರೆ ಆ ಕಣ್ಣಿನಿಂದ ಮಗಳ ಕಣ್ಣಿನವರೆಗೆ ಬಿಂಬ ಸಾಗಿಬರುವ ದಾರಿ ಉದ್ದವಾದದ್ದು. ಹೆಜ್ಜೆಗಳು ಆ ದಾರಿಯಲ್ಲಿ ಎಲ್ಲಿ ಬೇಕಾದರೂ ಕಳೆದುಹೋಗಬಹುದು. ಎಲ್ಲಿ ಎಂದು ಹುಡುಕಬೇಕಾದರೆ ಮೊದಲು ಬಿಂಬ ಹೇಗೆ ಪ್ರಯಾಣ ಮಾಡುತ್ತದೆ ಎಂದು ತಿಳಿಯಬೇಕು.

ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು. ನಮ್ಮಲ್ಲಿ ಮನೆಯ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಚಿತ್ರಗಳಿಗೆ ಹೊಂದಿಸಿರುತ್ತಾರೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಫ್ರೇಮಿನಲ್ಲಿ ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಾಗುತ್ತವೆ. ಪ್ರತಿ ಚುಕ್ಕೆಯ ಬಣ್ಣ ಹೇಳಲು 24 ಬಿಟ್ ಹಿಡಿದರೆ, 25 ಫ್ರೇಮುಗಳ ಒಂದು ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಮಾಹಿತಿ. ಇಷ್ಟನ್ನು ಹಾಗೆಯೇ ಸಾಗಿಸುವ ಶಕ್ತಿ ಮನೆಯ ವೈಫೈಗೂ ಇಲ್ಲ, ಊರಿನ ಇಂಟರ್ನೆಟ್ಟಿಗೂ ಇಲ್ಲ. ಹಾಗಾಗಿ ಕ್ಯಾಮೆರಾದೊಳಗಿನ ಪುಟ್ಟ ಚಿಪ್ ಅದನ್ನು ಹಿಂಡಿ ಹಿಂಡಿ ಸುಮಾರು 40 ಲಕ್ಷ ಬಿಟ್ಟಿಗೆ, ಅಂದರೆ 4 ಎಂಬಿಪಿಎಸ್‌ಗೆ ಇಳಿಸುತ್ತದೆ. ಮುನ್ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಹೀಗೆ ಹಿಂಡುವ ವಿಧಾನಕ್ಕೆ 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್.265 ಎಂಬ ಎರಡು ಮಾನದಂಡಗಳು ಹೆಚ್ಚು ಬಳಕೆಯಲ್ಲಿವೆ.

ಹಿಂಡುವ ಗುಟ್ಟು ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿದೆ. ಅಂಗಡಿಯವರು ತಿಂಗಳ ಮೊದಲಿಗೆ ಹಿಂದಿನ ಬಾಕಿಯನ್ನೆಲ್ಲ ಕೂಡಿ ಪೂರ್ತಿ ಬರೆಯುತ್ತಾರೆ. ಆಮೇಲೆ ದಿನದಿನವೂ ಬರೆಯುವುದು ಹೊಸದಾಗಿ ಒಯ್ದದ್ದು, ಕೊಟ್ಟದ್ದು ಇಷ್ಟನ್ನೇ. ಕ್ಯಾಮೆರಾವೂ ಹಾಗೆಯೇ. ಒಂದು ಫ್ರೇಮನ್ನು ಪೂರ್ತಿಯಾಗಿ ಕಳಿಸುತ್ತದೆ. ಅದು ಐ ಫ್ರೇಮ್. ಮುಂದಿನ ಫ್ರೇಮುಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅವು ಪಿ ಫ್ರೇಮುಗಳು. ಗೋಡೆ, ತುಳಸಿಕಟ್ಟೆ, ಮುಚ್ಚಿದ ಬಾಗಿಲು ಇವನ್ನು ಮತ್ತೆ ಮತ್ತೆ ಕಳಿಸಬೇಕಾಗಿಲ್ಲ. ಅವ್ವ ಸರಿದ ಜಾಗವನ್ನಷ್ಟೇ ಹೇಳಿದರೆ ಸಾಕು.

ಅಪಾಯ ಇರುವುದೂ ಇಲ್ಲೇ. ಉದ್ದರಿ ಪುಸ್ತಕದ ನಡುವಿನ ಒಂದು ಸಾಲು ಅಳಿಸಿಹೋದರೆ ಮುಂದಿನ ಬಾಕಿಯೆಲ್ಲ ತಪ್ಪು, ಮತ್ತೆ ಪೂರ್ತಿ ಕೂಡಿ ಬರೆಯುವ ತನಕ. ಒಂದು ಪಿ ಫ್ರೇಮ್ ದಾರಿಯಲ್ಲಿ ಕಳೆದುಹೋದರೂ ಹಾಗೆಯೇ. ಮುಂದಿನ ಐ ಫ್ರೇಮ್ ಬರುವ ತನಕ ಚಿತ್ರ ಕಲ್ಲಾಗಿ ನಿಲ್ಲುತ್ತದೆ, ಇಲ್ಲವೇ ಮಸಿ ಬಳಿದಂತೆ ಕಲಸಿಹೋಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಕ್ಯಾಮೆರಾದಲ್ಲಿ 50 ಫ್ರೇಮಿಗೊಂದು ಐ ಫ್ರೇಮ್ ಎಂದು ಹೊಂದಿಸಿದ್ದರೆ ಹೆಚ್ಚೆಂದರೆ 2 ಸೆಕೆಂಡು ಕಾಯಬೇಕು. ಜಾಗ ಉಳಿಸಲು ಆ ಅಂತರವನ್ನು 200 ಫ್ರೇಮಿಗೆ ಏರಿಸಿದ್ದರೆ 8 ಸೆಕೆಂಡು. ಅಷ್ಟರಲ್ಲಿ ಅವ್ವ ಅಂಗಳ ದಾಟಿ ಬಾಗಿಲಿಗೆ ಬಂದಿರುತ್ತಾಳೆ.

ಹಾಗಾದರೆ ಹುಡುಕಾಟ ಎಲ್ಲಿಂದ ಶುರುಮಾಡಬೇಕು? ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ತಡವರಿಸುತ್ತಿರುವುದು ನೋಟವೋ, ನೆನಪೋ? ಫೋನಿನಲ್ಲಿ ಕಾಣದಿರುವುದು ಬೇರೆ, ರೆಕಾರ್ಡರ್‌ನಲ್ಲಿ ದಾಖಲಾಗದಿರುವುದು ಬೇರೆ. ಮೊದಲನೆಯದು ತೊಂದರೆ, ಎರಡನೆಯದು ನಷ್ಟ. ಕಳ್ಳತನವಾದ ಮೇಲೆ ಎರಡನೆಯದು ತಿಳಿದರೆ ಏನೂ ಮಾಡಲಾಗದು. ಪರೀಕ್ಷೆಗೆ ಖರ್ಚಿಲ್ಲ. ರೆಕಾರ್ಡರ್‌ಗೆ ನೇರವಾಗಿ ಟಿವಿ ಜೋಡಿಸಿ, ಅದೇ ಹೊತ್ತಿನ ದೃಶ್ಯವನ್ನು ಹಾಕಿ ನೋಡಬೇಕು.

ನಿರ್ಣಾದ ಮನೆಯಲ್ಲಿ ಹಾಗೆ ನೋಡಿದಾಗ ತಲಬಾಗಿಲ ದೃಶ್ಯ ಎಣ್ಣೆ ಹರಿದಷ್ಟು ನಯವಾಗಿತ್ತು. ಅವ್ವನ ಒಂದೊಂದು ಹೆಜ್ಜೆಯೂ ಅಲ್ಲಿತ್ತು. ಅಂದರೆ ಆ ಕ್ಯಾಮೆರಾ, ಅದರ ಕೇಬಲ್, ಹಾರ್ಡ್ ಡಿಸ್ಕ್ ಎಲ್ಲವೂ ನಿರ್ದೋಷಿಗಳು. ಆದರೆ ಕೊಟ್ಟಿಗೆಯ ದೃಶ್ಯ ಟಿವಿಯಲ್ಲೂ ಜಿಗಿಯಿತು. ಫೋನಿನಲ್ಲಿ ಎರಡರದೂ ಒಂದೇ ಲಕ್ಷಣ, ಮನೆಯೊಳಗೆ ನೋಡಿದರೆ ಎರಡು ಬೇರೆ ಬೇರೆ ಕಾಯಿಲೆ.

ತಲಬಾಗಿಲಿನದು ಹೊರದಾರಿಯ ಸಮಸ್ಯೆ. ಇಂಟರ್ನೆಟ್ಟಿನ ವೇಗ ಎಂದರೆ ನಾವು ಡೌನ್‌ಲೋಡ್ ಅನ್ನೇ ಎಣಿಸುತ್ತೇವೆ. ಕ್ಯಾಮೆರಾ ಮನೆಯಿಂದ ಹೊರಕ್ಕೆ ಕಳಿಸುತ್ತದೆ, ಅದಕ್ಕೆ ಬೇಕಾದದ್ದು ಅಪ್‌ಲೋಡ್. ಅನೇಕ ಸಂಪರ್ಕಗಳಲ್ಲಿ, ಅದರಲ್ಲೂ ಮೊಬೈಲ್ ಸಿಗ್ನಲ್ ನೆಚ್ಚಿದ ಕಡೆ, ಇದು ಡೌನ್‌ಲೋಡಿಗಿಂತ ಬಹಳ ಕಡಿಮೆ. ಆ ಮನೆಯಲ್ಲಿ ಅಳೆದಾಗ ಸಿಕ್ಕಿದ್ದು 5 ಎಂಬಿಪಿಎಸ್ ಆಸುಪಾಸು. ಎರಡು ಕ್ಯಾಮೆರಾಗಳು ಕೇಳುತ್ತಿದ್ದದ್ದು 8. ಸಣ್ಣ ಪೈಪಿನಲ್ಲಿ ದೊಡ್ಡ ಮೋಟರಿನ ನೀರು ಹಾಯಿಸಲು ಹೋದಂತಾಗಿತ್ತು.

ಇದಕ್ಕೆ ಪರಿಹಾರ ಸೆಟ್ಟಿಂಗ್ಸ್‌ನಲ್ಲೇ ಇತ್ತು. ಇಂದಿನ ಬಹುತೇಕ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎರಡು ಧಾರೆಗಳಲ್ಲಿ ಕೊಡುತ್ತವೆ. ಮೇನ್‌ಸ್ಟ್ರೀಮ್ ಪೂರ್ಣ ಗಾತ್ರದ್ದು, ದಾಖಲೆಗೆ. ಸಬ್‌ಸ್ಟ್ರೀಮ್ ಕಿರಿದು, ದೂರದಿಂದ ನೋಡುವುದಕ್ಕೆ. 640×360 ಗಾತ್ರದ ಸಬ್‌ಸ್ಟ್ರೀಮ್ ಅರ್ಧ ಎಂಬಿಪಿಎಸ್‌ನಲ್ಲೇ ಹೋಗುತ್ತದೆ. ಅಂಗೈಯಗಲದ ಪರದೆಗೆ ಅಷ್ಟು ಸಾಕು. ಮಗಳ ಫೋನಿನಲ್ಲಿ ಅದನ್ನು ಆರಿಸಿದೆವು. ಡಿಸ್ಕಿನಲ್ಲಿ ಮಾತ್ರ ಮೊದಲಿನಂತೆ ಪೂರ್ಣ ಚಿತ್ರವೇ ದಾಖಲಾಗುತ್ತಿದೆ.

ಕೊಟ್ಟಿಗೆಯದು ಒಳದಾರಿಯ ಸಮಸ್ಯೆ. ಅಲ್ಲಿನ ಕ್ಯಾಮೆರಾ ವೈಫೈಯನ್ನು ನಂಬಿತ್ತು. ರೂಟರ್ ಇದ್ದದ್ದು ಪಡಸಾಲೆಯಲ್ಲಿ. ನಡುವೆ ಹಳೆಯ ಕಾಲದ ದಪ್ಪ ಕಲ್ಲುಗೋಡೆಗಳು, ಮೇಲೆ ಪತ್ರಾ ಹೊದಿಸಿದ ಮಾಡು. ಕಲ್ಲು ರೇಡಿಯೊ ಅಲೆಯನ್ನು ಬಹಳಷ್ಟು ಹೀರುತ್ತದೆ, ಲೋಹದ ತಗಡು ಅದನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಫೋನಿನಲ್ಲಿ ವೈಫೈ ಗುರುತು ಎರಡು ಗೆರೆ ತೋರಿಸಿದರೆ ಸಂದೇಶ ಓದಬಹುದು. ಬಿಡುವಿಲ್ಲದೆ ಹರಿಯಬೇಕಾದ ವಿಡಿಯೊಗೆ ಆ ಎರಡು ಗೆರೆ ಸಾಲದು. 5 ಗಿಗಾಹರ್ಟ್ಸ್ ವೈಫೈ ವೇಗದ್ದು ನಿಜ, ಆದರೆ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಮೇಲು. ಎರಡಕ್ಕಿಂತಲೂ ನಂಬಿಕೆಯದು ತಂತಿ. ಒಳ್ಳೆಯ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ತಡವರಿಸದೆ ಒಯ್ಯುತ್ತದೆ. ಕೊಟ್ಟಿಗೆಗೆ ಅದರ ಅರ್ಧವೂ ಬೇಕಾಗಲಿಲ್ಲ.

ತಂತಿ ಎಳೆದ ಮೇಲೆ ಹಗಲಿನ ಜಿಗಿತ ನಿಂತಿತು, ರಾತ್ರಿಯದು ಉಳಿಯಿತು. ರಾತ್ರಿ ಮಾತ್ರ ಕಾಡುವ ತಡವರಿಕೆಗೆ ಅದರದೇ ಕಾರಣಗಳಿವೆ. ಕತ್ತಲಲ್ಲಿ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ. ಆಗ ವಿದ್ಯುತ್ ಹೆಚ್ಚು ಬೇಕು. ಅಡಾಪ್ಟರ್ ಸೋತಿದ್ದರೆ ಕ್ಯಾಮೆರಾ ಆರಿ ಆರಿ ಹೊತ್ತುತ್ತದೆ. ಬೆಳಕು ಕಡಿಮೆಯಾದಾಗ ಚಿತ್ರದಲ್ಲಿ ಕಾಳು ಕಾಳು ಕಾಣುತ್ತದಲ್ಲ, ಹಿಂಡುವ ಚಿಪ್ಪಿಗೆ ಅದೂ ‘ಬದಲಾವಣೆ’ಯೇ. ಉದ್ದರಿ ಪುಸ್ತಕದ ಸಾಲುಗಳು ಸುಮ್ಮನೆ ಹೆಚ್ಚುತ್ತವೆ, ಹೊರೆ ಏರುತ್ತದೆ. ಮೂರನೆಯದು ಶಟರ್. ಸೆಕೆಂಡಿಗೆ 25 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಹೆಚ್ಚೆಂದರೆ ಸೆಕೆಂಡಿನ 25ನೇ ಒಂದು ಭಾಗ ಬೆಳಕು ಹಿಡಿಯಬಹುದು. ಕತ್ತಲೆಂದು ಶಟರ್ 12ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ 12ಕ್ಕಿಂತ ಹೆಚ್ಚು ಫ್ರೇಮ್ ಹುಟ್ಟುವುದೇ ಇಲ್ಲ. ಶಟರ್ ಮಿತಿಯನ್ನು 25ನೇ ಒಂದು ಭಾಗಕ್ಕೆ ಕಟ್ಟಿ, ಕೊಟ್ಟಿಗೆಯಲ್ಲಿ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿದೆವು. ಎಮ್ಮೆ ಕತ್ತು ತಿರುಗಿಸಿದ್ದೂ ಬಿಡಿಬಿಡಿಯಾಗದೆ ಕಂಡಿತು.

ಬೇರೆ ಮನೆಗಳಲ್ಲಿ ಬೇರೆ ಕೊಂಡಿಗಳು ಸಡಿಲವಾಗಿರಬಹುದು. ಟಿವಿಯಲ್ಲಿ, ಫೋನಿನಲ್ಲಿ ಚೆನ್ನಾಗಿದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ತಡವರಿಸಿದರೆ ಹಿಂಡಿದ್ದನ್ನು ಬಿಡಿಸುವ ಶಕ್ತಿ ಅದಕ್ಕಿಲ್ಲ. 2015ಕ್ಕಿಂತ ಹಿಂದಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಎಚ್.265 ಬಿಡಿಸುವ ಪ್ರತ್ಯೇಕ ಚಿಪ್ ಭಾಗವಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ. ಅಲ್ಲಿ ಕ್ಯಾಮೆರಾವನ್ನು ಎಚ್.264ಕ್ಕೆ ಬದಲಿಸಿ ನೋಡಬೇಕು. ಸಾಫ್ಟ್‌ವೇರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಬೇಕು. ಹಾರ್ಡ್ ಡಿಸ್ಕನ್ನೂ ಮರೆಯಬಾರದು. 4 ಎಂಬಿಪಿಎಸ್‌ನ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ಬರೆಸುತ್ತದೆ, ಹಗಲೂ ರಾತ್ರಿ, ಬಿಡುವಿಲ್ಲದೆ. ಸವೆದ ಡಿಸ್ಕು ಅಥವಾ ಮೆಮೊರಿ ಕಾರ್ಡು ಬರೆಯುವಾಗ ಹಿಂದೆ ಬಿದ್ದರೆ ದಾಖಲೆಯಲ್ಲೇ ತೂತು ಬೀಳುತ್ತದೆ. ಇನ್ನು ಚಲನೆ ಕಂಡಾಗ ಮಾತ್ರ ದಾಖಲಿಸುವ ಕ್ರಮದಲ್ಲಿ ಕ್ಯಾಮೆರಾ ಇದ್ದರೆ, ನಾವು ಜಿಗಿತ ಎಂದುಕೊಳ್ಳುವುದು ಒಂದು ತುಣುಕು ಮುಗಿದು ಇನ್ನೊಂದು ಶುರುವಾಗುವ ಜಾಗವಿರಬಹುದು. ಚಲನೆಗೆ ಮುಂಚಿನ 5 ಸೆಕೆಂಡನ್ನೂ ಸೇರಿಸುವಂತೆ ಹೊಂದಿಸಿದರೆ ಬಾಗಿಲು ತೆರೆಯುವ ಮುನ್ನಿನ ಹೆಜ್ಜೆಯೂ ಸಿಗುತ್ತದೆ.

ಈ ಎಲ್ಲ ಪರೀಕ್ಷೆಗಳಿಗೂ ಒಂದು ಶಿಸ್ತು ಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಹತ್ತು ಗುಂಡಿ ಒಟ್ಟಿಗೆ ಒತ್ತಿ ಸರಿಯಾದರೆ ಸರಿಹೋದದ್ದು ಯಾವುದರಿಂದ ಎಂಬ ತಿಳಿವು ಸಿಗುವುದಿಲ್ಲ. ನಾಳೆ ಕೆಟ್ಟಾಗ ಮತ್ತೆ ಮೊದಲಿಂದಲೇ ಹುಡುಕಬೇಕು. ನಿರ್ಣಾದ ಆ ಮನೆಯಲ್ಲಿ ಹೊಸ ಕ್ಯಾಮೆರಾ ಕೊಳ್ಳಲೇ ಇಲ್ಲ. ಬೇಕಾದದ್ದು ಒಂದಷ್ಟು ಕೇಬಲ್, ಒಂದು ದೀಪ, ನಾಲ್ಕು ಸಾಲು ಬರೆದ ಹಾಳೆ.

ಎರಡು ದಿನ ಬಿಟ್ಟು ಮಗಳು ಮತ್ತೆ ಫೋನ್ ಮಾಡಿದಳು. ಈ ಸಲ ವಿಡಿಯೊದ ಮಾತೇ ಇಲ್ಲ.

“ಯವ್ವಾ, ಎಡಗಾಲು ನೋಯ್ಲಾಕತ್ತದೇನು? ಕುಂಟಿ ನಡೀಲಾಕತ್ತಿ.”

ಅವ್ವ ಅದನ್ನು ಯಾರಿಗೂ ಹೇಳಿರಲಿಲ್ಲ. ನಿಂತ ಚಿತ್ರದಲ್ಲಿ ಮುಖ ಕಾಣುತ್ತದೆ. ಕಾಲಿನ ನೋವು ಕಾಣಬೇಕಾದರೆ ಹೆಜ್ಜೆಗಳು ಒಂದೂ ತಪ್ಪದೆ ಬರಬೇಕು.